ಜರ್ಮನ್ ಬಾಕು ಮತ್ತು ಪಾತ್ರೆಗೆ ಹೆಸರು ಹಾಕುವವರು

ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಕೆಲಸ ಕಲಿಯುವ ಕಾಲದಲ್ಲಿ ಸುತ್ತಿಗೆ ತಪ್ಪಿ ಬಿದ್ದು ಹೋಗಿತ್ತಂತೆ. ಉಗುರಿದ್ದ ಜಾಗದಲ್ಲಿ ಚರ್ಮ ನುಣ್ಣಗೆ ಗಟ್ಟಿಯಾಗಿ, ಹಿತ್ತಾಳೆಯ ಪುಡಿ ಕೂತು ಹೊಳೆಯುತ್ತಿತ್ತು. ಯಾವ ಲೋಹದ ಸಾಮಾನು ಕೊಟ್ಟರೂ ಮೊದಲು ಕಣ್ಣು ಮುಚ್ಚಿ ಆ ಬೆರಳಿನಿಂದ ಸವರುತ್ತಿದ್ದರು, ನೋಡುವುದು ಆಮೇಲೆ.

ತ್ಯಾಗರಾಜನಗರದ ಪಾತ್ರೆ ಅಂಗಡಿಯೊಂದರ ಜಗಲಿಯಲ್ಲಿ ಕೂತು, ಸಣ್ಣ ಉಳಿ ಹಿಡಿದು ಚೊಂಬು, ತಟ್ಟೆ, ಲೋಟಗಳ ಮೇಲೆ ಹೆಸರು ಕೊರೆಯುವುದು ಅವರ ಕಸುಬು. ಜಯನಗರದ ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ‘ಹೆಸರು ಹಾಕೋರು’ ಎಂದೇ ಕರೆಯುತ್ತಿದ್ದರು. ನಾನು ಮನಸ್ಸಿನೊಳಗೆ ಕರೆಯುತ್ತಿದ್ದುದನ್ನು ಇಲ್ಲಿ ಬರೆಯುವಂತಿಲ್ಲ. ಅಷ್ಟು ಹೊಟ್ಟೆಕಿಚ್ಚು ನನಗೆ.

ಕಾರಣ ಹೇಳುತ್ತೇನೆ. ನಮ್ಮ ಬೀದಿಯ ಕೊನೆಯಲ್ಲಿ ರಿಟೈರಾದ ಮೇಜರ್ ಒಬ್ಬರಿದ್ದರು. ಆಫ್ರಿಕಾದ ಮರಳಿನಲ್ಲಿ ಜರ್ಮನ್ನರ ಎದುರು ಯುದ್ಧ ಮಾಡಿ ಬಂದವರು. ಜರ್ಮನ್ ಸೈನ್ಯದ ಹಳೆಯ ಸಾಮಾನು ಕೂಡಿಹಾಕುವುದು ಅವರ ಹುಚ್ಚು. ಅರವತ್ತರ ದಶಕದ ಆ ದಿನಗಳಲ್ಲಿ ಕಂಟೋನ್ಮೆಂಟ್ ಕಡೆಯ ಗುಜರಿಯವರು ಭಾನುವಾರ ಅವರ ಮನೆಗೇ ಗಂಟು ಹೊತ್ತು ಬರುತ್ತಿದ್ದರು. ಒಂದೊಂದು ವಸ್ತುವಿಗೂ ಒಂದೊಂದು ಪುರಾಣ. ಇದು ಜರ್ಮನ್ ಜನರಲ್ ಸಾಯುವಾಗ ಕೊಟ್ಟಿದ್ದು, ಅದು ಇಲ್ಲಿನ ಯುದ್ಧಕೈದಿಗಳ ಕ್ಯಾಂಪಿನಲ್ಲಿದ್ದ ಜರ್ಮನ್ ಸಿಪಾಯಿ ಬಿಟ್ಟುಹೋದದ್ದು. ಇಲ್ಲಿನ ಕ್ಯಾಂಪಿನಲ್ಲಿದ್ದವರು ಇಟಲಿಯವರು ಕಣಯ್ಯಾ ಎಂದು ಆ ಪುರಾಣ ಒಡೆಯುತ್ತಿದ್ದವನು ನಾನು, ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಮೇಜರ್ “ವೆರಿ ಗುಡ್, ಪ್ರೊಫೆಸರ್” ಎಂದಾಗ ಎದೆ ಉಬ್ಬುತ್ತಿತ್ತು. ನಾನಿನ್ನೂ ಲೆಕ್ಚರರ್ ಆಗಿದ್ದೆ ಎನ್ನುವುದು ಬೇರೆ ಮಾತು.

ಮೇಜರ್ ಮಗಳ ಮದುವೆ ನಿಶ್ಚಯವಾಯಿತು. ಪಾತ್ರೆಗಳಿಗೆ ಹೆಸರು ಹಾಕಲು ಮನೆಗೆ ಬಂದಿದ್ದ ಇವರು, ಮೇಜಿನ ಮೇಲಿದ್ದ ಜರ್ಮನ್ ಬೆಲ್ಟಿನ ಬಕಲ್ ಎತ್ತಿ ಸವರಿದರು.

“ಸಾರ್, ಇದು ಅಚ್ಚಲ್ಲಿ ಒತ್ತಿದ್ದಲ್ಲ. ಮರಳಲ್ಲಿ ಎರಕ ಹೊಯ್ದಿರೋದು. ಹಿಂದೆ ನೋಡಿ, ತರಿ ಹಂಗೇ ಇದೆ.”

ಅದು ಅಸಲಿ ಎಂದು ಹೇಳಿದ್ದವನು ನಾನು.

ಮುಂದಿನ ಭಾನುವಾರದಿಂದ ಮೇಜರ್ ಪಕ್ಕದ ಕುರ್ಚಿ ಅವರದಾಯಿತು. ನಾನು ಕಿಟಕಿಯ ಹತ್ತಿರದ ಸ್ಟೂಲಿಗೆ ಹೋದೆ. ಗುಜರಿಯವನು ಬಾಯಿ ತೆರೆದರೆ ಇವರು ಕೈ ಅಡ್ಡ ಹಿಡಿಯುತ್ತಿದ್ದರು. “ಹೆಣ್ಣು ನೋಡೋಕೆ ಹೋದಾಗ ದಲ್ಲಾಳಿ ಮುಖ ನೋಡ್ತಾರೇನಪ್ಪ? ಸಾಮಾನು ಇಲ್ಲಿಡು.” ಒಮ್ಮೆ ಸಿಪಾಯಿಯದೆಂದು ತಂದ ದುರ್ಬೀನನ್ನು ತಿರುಗಿಸಿ ನೋಡಿ, “ಕೈ ಹಿಡಿಯೋ ಜಾಗ ಹೊಸದಾಗಿದೆ, ಮೂಲೆ ಮಾತ್ರ ಸವೆದಿದೆ. ಇದನ್ನ ಸಿಪಾಯಿ ಮುಟ್ಟಿಲ್ಲ, ಉಜ್ಜೋ ಅರ ಮುಟ್ಟಿದೆ” ಎಂದರು. ಮೇಜರ್ ತೊಡೆ ತಟ್ಟಿ ನಕ್ಕರು. ನನ್ನ ಯಾವ ಮಾತಿಗೂ ಅವರು ಹಾಗೆ ನಕ್ಕಿರಲಿಲ್ಲ. ನಾಲ್ಕನೇ ಕ್ಲಾಸು ದಾಟದ ಮನುಷ್ಯ! ನಾನು ಲೈಬ್ರರಿಯಲ್ಲಿ ವಾರಗಟ್ಟಲೆ ಹುಡುಕುವುದನ್ನು ಇವರು ಕಾಫಿ ಆರುವುದರೊಳಗೆ ಹೇಳಿಬಿಡುತ್ತಿದ್ದರು.

ಕೊನೆಗೆ ನನ್ನ ದಿನವೂ ಬಂತು. ಗುಜರಿಯವನೊಬ್ಬ ಜರ್ಮನ್ ಅಧಿಕಾರಿಯದೆಂದು ಒಂದು ಬಾಕು ತಂದು, ನೇರವಾಗಿ ನನಗೇ ತೋರಿಸಿದ. ಅಲಗಿನ ಮೇಲೆ ಜರ್ಮನ್ ಅಕ್ಷರಗಳಿದ್ದವು. ಪುಸ್ತಕದ ಚಿತ್ರದ ಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸಿದೆ. ಎಲ್ಲ ಸರಿಯಾಗಿತ್ತು. ನನ್ನ ಮಾತಿನ ಮೇಲೆ ಮೇಜರ್ ಕೊಳ್ಳಲು ಒಪ್ಪಿದರು. ದುಡ್ಡು ಕೊಡಬೇಕಿದ್ದ ಮುಂದಿನ ಭಾನುವಾರ ಇವರಿಗೆ ಜ್ವರ ಬರಲಿ ಎಂದು ಹರಕೆ ಹೊರುವುದೊಂದು ಉಳಿದಿತ್ತು.

ಬಂದರು. ಬಾಕು ಕೈಗೆ ತೆಗೆದುಕೊಂಡರು. ಸವರಲೇ ಇಲ್ಲ. ಮುಖ ಸಪ್ಪಗಾಯಿತು.

“ಸಾರ್, ಇದು ಬೇಡ.”

“ನಿಮಗೆ ಜರ್ಮನ್ ಓದೋಕೆ ಬರುತ್ತೇನ್ರೀ?” ಎಂದೆ ನಾನು.

“ಇಲ್ಲ ಮೇಷ್ಟ್ರೇ. ಆದ್ರೆ ಫ್ಯಾಕ್ಟರೀದಾದ್ರೆ ಅಕ್ಷರಾನ ಆಸಿಡ್ಡಲ್ಲಿ ತಿನ್ಸಿರ್ತಾರೆ, ಗೆರೆ ಒಂದೇ ಸಮ ಇರುತ್ತೆ. ಇದು ಉಳಿ ಕೆಲಸ. ಚುಕ್ಕಿ ಚುಕ್ಕಿ.”

“ಜರ್ಮನಿಯಲ್ಲಿ ಉಳಿ ಇಲ್ವಾ? ಅಲ್ಲೇ ಯಾರೋ ಕೊರೆದಿರಬಹುದಲ್ಲ?”

ಅವರು ಬಾಕು ಮೇಜಿನ ಮೇಲಿಟ್ಟರು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು, ಮೇಜರ್ ಹೇಗೂ ಅವರ ಮಾತನ್ನೇ ನಂಬುತ್ತಿದ್ದರು.

“ಕೊರೆದಿದ್ದು ನಾನೇ. ಎರಡು ವರ್ಷದ ಹಿಂದೆ ಒಬ್ಬ ಚೀಟೀಲಿ ಬರ್ಕೊಂಡು ಬಂದ. ನಾಟಕದ ಕಂಪನಿಗೆ ಅಂದ. ನಂಬಿದೆ.”

ನನಗೆ ಎಲ್ಲಿಲ್ಲದ ಖುಷಿಯಾಯಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. “ಮೇಜರ್ ಸಾಹೇಬ್ರೇ, ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಯ್ತಲ್ಲ!” ಎಂದೆ. ಇವರು ಅರ್ಧ ಕುಡಿದ ಕಾಫಿ ಲೋಟ ಕೆಳಗಿಟ್ಟು, “ಬರ್ತೀನಿ ಸಾರ್” ಎಂದು ಎದ್ದು ಹೋದರು.

ನಾನು ಅಷ್ಟಕ್ಕೆ ಬಿಡಲಿಲ್ಲ. ತರಕಾರಿ ಗಾಡಿಯ ಹತ್ತಿರ, ಬಸ್ ಸ್ಟಾಪಿನಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಅವರು ಖೋಟಾ ಮಾಲಿನವರ ಪಾಲುದಾರ ಎಂದು ಹೇಳಿದೆ. ನಮ್ಮ ಬೀದಿಯವರು ಹೆಸರು ಹಾಕಿಸಲು ಗಾಂಧಿ ಬಜಾರಿಗೆ ಹೋಗತೊಡಗಿದರು. ಮೇಜರ್ ಅವರನ್ನು ಮತ್ತೆ ಕರೆಯಲಿಲ್ಲ. ಕುರ್ಚಿ ನನಗೆ ವಾಪಸ್ ಬಂತು.

ಆ ಕುರ್ಚಿಯಲ್ಲಿ ಕೂತೇ ಒಂದು ಜರ್ಮನ್ ಶಿಲುಬೆ ಪದಕವನ್ನು ಅಸಲಿ ಎಂದು ಹೇಳಿದೆ. ಮೇಜರ್ ಅದನ್ನು ಗಾಜಿನ ಬೀರುವಿನಲ್ಲಿಟ್ಟರು. ಕೆಲವು ವರ್ಷಗಳ ನಂತರ ಒಂದು ಪುಸ್ತಕದಲ್ಲಿ ಓದಿದೆ: ಅಂಥ ಪದಕದ ಒಡಲು ಕಬ್ಬಿಣದ್ದು, ಆಯಸ್ಕಾಂತ ಹಿಡಿಯಬೇಕು. ಮೇಜರ್ ಸ್ನಾನಕ್ಕೆ ಹೋಗಿದ್ದಾಗ ಬೀರು ತೆಗೆದು ಆಯಸ್ಕಾಂತ ತಾಗಿಸಿದೆ. ಹಿಡಿಯಲಿಲ್ಲ. ಬಾಗಿಲು ಮುಚ್ಚಿ ಬಂದು ಕೂತೆ.

ಹೆಸರು ಹಾಕುವವರು ತೀರಿಕೊಂಡ ಸುದ್ದಿಯನ್ನು ಪಾತ್ರೆ ಅಂಗಡಿಯವರು ಹೇಳಿದರು. ಅವರು ಹೋಗಿ ಆಗಲೇ ಎರಡು ವಾರವಾಗಿತ್ತು. ಆ ಭಾನುವಾರ ಎಲ್ಲವನ್ನೂ ಹೇಳಿಬಿಡಬೇಕೆಂದು ಮೇಜರ್ ಮನೆಗೆ ಹೋದೆ. ಅಳಿಯ ಬಂದಿದ್ದರು. ಮೇಜರ್ ಪದಕವನ್ನು ಅವರ ಅಂಗೈ ಮೇಲಿಟ್ಟು, “ನಮ್ಮ ಪ್ರೊಫೆಸರ್ ಪರೀಕ್ಷೆ ಮಾಡಿದ್ದು” ಎನ್ನುತ್ತಿದ್ದರು. ಇಬ್ಬರೂ ನನ್ನ ಕಡೆ ನೋಡಿದರು.

ಬಾಯಿ ತೆರೆದೆ. “ಕಾಫಿ ಚೆನ್ನಾಗಿದೆ” ಎಂದೆ.

‘ಕೊರೆದಿದ್ದು ನಾನೇ’ ಎಂದ ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.