ಮುಳಬಾಗಿಲ ಹೆದ್ದಾರಿಯಲ್ಲಿ ನಾನು ಊದಿದ್ದು

ಬೆಳಿಗ್ಗೆ ಏಳು ಗಂಟೆಗೆ, ಬಸ್ಸು ತುಂಬ ಹೆಂಗಸರು ನೋಡುತ್ತಿದ್ದಂತೆ, ಪೊಲೀಸ್ ಅಧಿಕಾರಿಯೊಬ್ಬ ನನ್ನ ಬಾಯಿಗೆ ಪ್ಲಾಸ್ಟಿಕ್ ಕೊಳವೆ ಹಿಡಿದು "ಊದಮ್ಮಾ" ಎಂದ. ನರಗುಂದದಲ್ಲಿ ನಾನು ಒಲೆ ಊದಿದವಳು, ಬಿಸಿ ಚಹಾ ಊದಿದವಳು. ನನ್ನ ಮರ್ಯಾದೆಯನ್ನು ಊದಿ ತೋರಿಸಬೇಕಾಗಿ ಬಂದದ್ದು ಕೋಲಾರ ಸೀಮೆಗೆ ಬಂದ ಮೇಲೆಯೇ.

ಬಂದು ಎರಡು ವರ್ಷವಾಯಿತು. ಭಾರಿ ವಾಹನದ ಲೈಸೆನ್ಸ್ ಕೈಯಲ್ಲಿದ್ದರೂ ನಮ್ಮೂರಲ್ಲಿ ಯಾರೂ ನನಗೆ ಬಸ್ಸಿನ ಕೀಲಿ ಕೊಡಲಿಲ್ಲ. "ಹೆಣ್ಮಗಳು, ಬ್ರೇಕ್ ತುಳಿಯಾಕ ಆಗ್ತೈತೇನು?" ಎಂದು ಕೇಳಿದವರು ಟ್ರ್ಯಾಕ್ಟರನ್ನು ಹಳ್ಳಕ್ಕೆ ಕೆಡವಿ ನಿಂತ ಗಂಡಸರು. ನರಸಾಪುರದ ಕಾರ್ಖಾನೆಗಳಿಗೆ ಹೆಂಗಸರನ್ನು ಕರೆದೊಯ್ಯಲು ಹೆಂಗಸು ಡ್ರೈವರುಗಳೇ ಬೇಕೆಂದು ಒಬ್ಬ ಗುತ್ತಿಗೆದಾರ ಹುಡುಕುತ್ತಿದ್ದ. ಬಂದುಬಿಟ್ಟೆ.

ಮುಳಬಾಗಿಲಿನಲ್ಲಿ ನಾಲ್ಕು ಮನೆ ನೋಡಿದೆ. "ಯಜಮಾನ್ರು ಯಾವಾಗ ಬರ್ತಾರೆ?" ಎಂಬುದು ಎಲ್ಲರ ಮೊದಲ ಪ್ರಶ್ನೆ. ಯಜಮಾನರಿಲ್ಲ ಎಂದೊಡನೆ ಕೋಣೆಯೂ ಇಲ್ಲವಾಗುತ್ತಿತ್ತು. ಕೊನೆಗೆ ಬೈರಕೂರಿನಲ್ಲಿ, ಮಾವಿನ ತೋಟದ ನಾರಾಯಣಮ್ಮನವರ ಹಿತ್ತಲ ಕೋಣೆ ಸಿಕ್ಕಿತು. ಅವರು ಕೇಳಿದ್ದು ಇಷ್ಟೇ: "ಮುದ್ದೆ ತಿಂತೀಯೇನಮ್ಮಾ?"

ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ರೊಟ್ಟಿ ಅಗಿದು ಬೆಳೆದವರಿಗೆ ಇದೊಂದು ಶಿಕ್ಷೆ. ಇಲ್ಲಿಯವರ ಕನ್ನಡದ ನಡುವೆ ತೆಲುಗು ಬಂದು ಹೇಳದೆ ಕೇಳದೆ ಕೂತುಬಿಡುತ್ತದೆ. ನಾನು ಮೊದಲು ಕಲಿತದ್ದು, ಮೊದಲು ಅಸಹ್ಯಪಟ್ಟದ್ದು 'ಪರ್ವಾಲೇದು' ಎಂಬ ಮಾತು. ಪರವಾಗಿಲ್ಲ ಎಂದರ್ಥ. ಸೂಪರ್‌ವೈಸರ್ ಬೈದರೆ ಪರ್ವಾಲೇದು, ರಜೆ ಕೊಡದಿದ್ದರೆ ಪರ್ವಾಲೇದು. ನಮ್ಮ ಕಡೆ ಜಗಳಕ್ಕೆ ನಿಲ್ಲುವಲ್ಲಿ ಇವರು ಮುದ್ದೆಯಂತೆಯೇ ಎಲ್ಲವನ್ನೂ ನುಂಗುತ್ತಾರೆ.

ಆ ದಿನ ನನಗೆ ಕೆಮ್ಮು. ಮುಳಬಾಗಿಲಿನಲ್ಲಿ ಹೆಂಗಸರು ಹತ್ತುವಾಗ, ನಾರಾಯಣಮ್ಮ ಕೊಟ್ಟಿದ್ದ ಅರಿಷ್ಟವನ್ನು ಎರಡು ಮುಚ್ಚಳ ಕುಡಿದೆ. ಹುದುಗಿಸಿ ಮಾಡುವ ಆ ಔಷಧಿಯಲ್ಲಿ ಮದ್ಯದ ಅಂಶ ಇರುತ್ತದೆಂಬುದು ನೆನಪಾಗಲಿಲ್ಲ. ಹೆದ್ದಾರಿಗೆ ಬಂದು ಐದು ನಿಮಿಷಕ್ಕೆ ತಡೆದರು. ಊದಿದೆ. ಯಂತ್ರ ಕೀಂಯ್ ಎಂದಿತು.

"ಬೆಳಿಗ್ಗೇನೇ ಶುರು ಹಚ್ಕೊಂಡಿದ್ದೀಯಲ್ಲಮ್ಮ! ಹುಬ್ಬಳ್ಳಿ ಕಡೆಯವಳಾ?" ಎಂದ ಅಧಿಕಾರಿ ನನ್ನ ಲೈಸೆನ್ಸ್ ನೋಡುತ್ತ, ಎರಡಕ್ಕೂ ಸಂಬಂಧವಿದೆ ಎನ್ನುವಂತೆ. ಒಂದು ಖಾಲಿ ಫಾರಂ ಮುಂದೆ ಹಿಡಿದ. "ಸೈನ್ ಹಾಕು."

"ಖಾಲಿ ಹಾಳಿಗೆ ನಾ ಸಹಿ ಮಾಡಂಗಿಲ್ರೀ. ಕೆಮ್ಮಿನ ಔಷಧ ಕುಡದೀನಿ. ಬಾಯಿ ಮುಕ್ಕಳಿಸ್ತೀನಿ, ಕಾಲು ತಾಸು ಬಿಟ್ಟು ಹೊಸಾ ಕೊಳವಿ ಹಾಕಿ ಊದಸ್ರಿ."

"ನಂಗೇ ಕಾನೂನು ಹೇಳ್ಕೊಡ್ತೀಯಾ?"

ಯಾರಾದರೂ ಹೇಳಿಕೊಡಬೇಕಿತ್ತು. ನನಗೆ ಡ್ರೈವಿಂಗ್ ಕಲಿಸಿದ ಮಾಸ್ತರರು ಇದನ್ನೆಲ್ಲ ಬಾಯಿಪಾಠ ಮಾಡಿಸಿದ್ದರು. ಊದುವುದಿಲ್ಲ ಎನ್ನಬಾರದು, ಹಾಗೆಂದರೆ ಅನುಮಾನದ ಮೇಲೆಯೇ ಹಿಡಿಯಬಹುದು. ಆದರೆ ಬಂಧಿಸಿದ ಎರಡು ತಾಸಿನೊಳಗೆ ವೈದ್ಯರಿಂದ ತಪಾಸಣೆ ಆಗಲೇಬೇಕು, ಆಗದಿದ್ದರೆ ಬಿಟ್ಟು ಕಳಿಸಬೇಕು. ಹೆಂಗಸಿನ ರಕ್ತವನ್ನು ಗಂಡಸು ವೈದ್ಯ ತೆಗೆಯುವುದಾದರೆ ಜೊತೆಗೆ ಇನ್ನೊಬ್ಬ ಹೆಂಗಸು ಇರಬೇಕು. ಮತ್ತೊಮ್ಮೆ ಊದಿಸಿ ಎಂದದ್ದು ಮಾತ್ರ ಕಾನೂನಿನ ಮಾತಲ್ಲ, ಬುದ್ಧಿಯ ಮಾತು. ಅದು ಆತನಲ್ಲಿ ಇದ್ದೀತೆಂದು ನಂಬಿ ಕೇಳಿದ್ದೆ.

ಗುತ್ತಿಗೆದಾರನ ಸೂಪರ್‌ವೈಸರಿಗೆ ಫೋನ್ ಮಾಡಿದೆ. "ಒಪ್ಕೊಂಡ್ಬಿಡಮ್ಮ, ಆಮೇಲೆ ಕೋರ್ಟಲ್ಲಿ ನೋಡ್ಕೊಳೋಣ. ಶಿಫ್ಟ್‌ಗೆ ಲೇಟಾಗುತ್ತೆ" ಎಂದ. ಹೋಗುವ ಲೈಸೆನ್ಸು ನನ್ನದು, ಅದರ ಜೊತೆ ಕೆಲಸವೂ ನನ್ನದು. ಅವನ ಚಿಂತೆ ಗಡಿಯಾರದ್ದು.

ದಿನಾ ಮುಂದಿನ ಸೀಟಿನಲ್ಲಿ ಕೂರುವ ಲಕ್ಷ್ಮೀದೇವಿ ಕಿಟಕಿಯಿಂದ ಬಾಗಿ ಪಿಸುಗುಟ್ಟಿದಳು: "ಕಾಲಿಗೆ ಬಿದ್ಬಿಡಕ್ಕಾ, ಪರ್ವಾಲೇದು." ಆ ಗಳಿಗೆಯಲ್ಲಿ ಪೊಲೀಸಿನವನಿಗಿಂತ ಅವಳ ಮೇಲೆ ನನಗೆ ಹೆಚ್ಚು ತಾತ್ಸಾರ ಹುಟ್ಟಿತು.

"ಹಂಗಾದ್ರ ಅರೆಸ್ಟ್ ಮಾಡ್ರಿ" ಎಂದೆ. "ಈಗ ಏಳೂ ಹತ್ತು. ಒಂಬತ್ತೂ ಹತ್ತರೊಳಗ ಡಾಕ್ಟರ್ ಮುಂದ ನಿಲ್ಲಸ್ರಿ. ರಕ್ತಾನೂ ಕೊಡ್ತೀನಿ, ಆದ್ರ ಜೋಡಿ ಒಬ್ಬಾಕಿ ಹೆಣ್ಮಗಳು ಇರಬೇಕ್ರಿ."

ಆತ ಸುತ್ತ ನೋಡಿದ. ಅವನ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಅಳುವವರನ್ನು, ಕೈ ಮುಗಿಯುವವರನ್ನು ನಿಭಾಯಿಸಿ ಅಭ್ಯಾಸವಿದ್ದ ಅವನಿಗೆ, ಬಂಧಿಸು ಎನ್ನುವವಳನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಅಷ್ಟರಲ್ಲಿ ಲಕ್ಷ್ಮೀದೇವಿ ಬಸ್ಸಿನಿಂದ ಇಳಿದಳು. ನನ್ನನ್ನು ಅವನ ಕಾಲಿಗೆ ಬೀಳಿಸಲು ಬಂದಳೆಂದುಕೊಂಡೆ.

"ಸಾರ್, ಅಕ್ಕನ್ನ ಆಸ್ಪತ್ರೆಗೆ ಕರ್ಕೊಂಡೋಗೋದಾದ್ರೆ ನಾನೂ ಬರ್ತೀನಿ" ಎಂದಳು. ಧ್ವನಿ ಒಡೆಯುತ್ತಿತ್ತು. "ಜೊತೇಲಿ ಹೆಂಗಸ್ರು ಇರ್ಬೇಕಲ್ವಾ ಸಾರ್?"

ಅವಳ ಹಿಂದೆ ಇನ್ನೂ ನಾಲ್ವರು ಇಳಿದರು. ಶಿಫ್ಟು ತಪ್ಪಿದರೆ ಅವರ ಅರ್ಧ ದಿನದ ಕೂಲಿ ಹೋಗುತ್ತದೆಂದು ನನಗೆ ಗೊತ್ತಿತ್ತು. ನನ್ನ ತಾತ್ಸಾರವನ್ನು ಎಲ್ಲಿಡಬೇಕೆಂದು ತಿಳಿಯದೆ ತಲೆ ತಗ್ಗಿಸಿದೆ.

ಅಧಿಕಾರಿ ಫಾರಂ ಮಡಚಿದ. ಬಾಯಿ ಮುಕ್ಕಳಿಸಿ, ಕಾಲು ತಾಸು ನಿಂತು, ಹೊಸ ಕೊಳವೆಗೆ ಊದಿದೆ. ಸೊನ್ನೆ.

"ಮಷೀನ್ ಸರಿಯಿಲ್ಲ, ಹೋಗಮ್ಮ."

"ಮಷೀನ್ ಸರಿ ಐತ್ರೀ" ಎಂದೆ, "ಸೊನ್ನೆ ಬಂದ ಚೀಟಿ ಕೊಡ್ರಿ." ಕೊಟ್ಟ.

ಆದರೂ ಸೂಪರ್‌ವೈಸರ್ 'ಕಂಪನಿ ಹೆಸರು ಕೆಡುತ್ತೆ' ಎಂದು ಮೂರು ದಿನ ನನ್ನನ್ನು ಮನೆಯಲ್ಲಿ ಕೂರಿಸಿದ. ನಾಲ್ಕನೆಯ ದಿನ ಕರೆ ಬಂತು. ಅಕ್ಕ ಓಡಿಸದ ಬಸ್ಸು ಹತ್ತುವುದಿಲ್ಲವೆಂದು ಹೆಂಗಸರು ಮುಳಬಾಗಿಲಿನಲ್ಲಿ ನಿಂತುಬಿಟ್ಟಿದ್ದರು.

ಊರಿನವರೇ, ಇಷ್ಟು ಬರೆದದ್ದು ನಿಮಗಾಗಿ. ದೀಪಾವಳಿಗೆ ಬಂದಾಗ ಬಸ್ ನಿಲ್ದಾಣದಲ್ಲೇ ನನ್ನ ಭಾವ ನಗುತ್ತ ಕೇಳಿದರು: "ಏನವಾ, ಅಲ್ಲಿ ಮುಂಜಾನೆನ ಹಾಕ್ತೀಯಂತ?" ಹೆದ್ದಾರಿಯಲ್ಲಿ ಯಾರೋ ತೆಗೆದ ವೀಡಿಯೊ ಕೊಳವೆಯ ತನಕ ಮಾತ್ರ ನಿಮ್ಮನ್ನು ಮುಟ್ಟಿತ್ತು. ಅಷ್ಟರಲ್ಲೇ ನಿಮಗೆ ತೃಪ್ತಿಯಾಗಿತ್ತು. ನಲವತ್ತು ವರ್ಷ ನನ್ನನ್ನು ನೋಡಿದವರು ನೀವು. ಒಬ್ಬರಾದರೂ 'ನಿಜ ಏನು?' ಎಂದು ಕೇಳಬಹುದಿತ್ತು. ಬೈರಕೂರಿನಲ್ಲಿ ನಾನು ಇವತ್ತಿಗೂ 'ಹುಬ್ಬಳ್ಳಿ ಅಕ್ಕ', ಹುಬ್ಬಳ್ಳಿಯಲ್ಲಿ ಒಂದು ದಿನವೂ ಇದ್ದವಳಲ್ಲ. ಅವರು ನನ್ನ ಊರನ್ನು ತಪ್ಪಾಗಿ ತಿಳಿದಿದ್ದಾರೆ. ನೀವು ನನ್ನನ್ನೇ ತಪ್ಪಾಗಿ ತಿಳಿದಿರಿ.

ಎರಡು ದಿನ ರಜೆ ಉಳಿದಿರುವಾಗಲೇ ಚೀಲ ಕಟ್ಟಿದೆ. ಅವ್ವ ಬಾಗಿಲಲ್ಲಿ ನಿಂತು ಕೇಳಿದಳು, "ಇಷ್ಟ ಲಗೂ ಎಲ್ಲಿಗೆ ಹೊಂಟಿ?"

"ಮನೀಗೆ ಹೊಂಟೀನಬೇ" ಎಂದೆ.

ಅಂದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.