ವಿಲೇವಾರಿಯಾದ ತಕರಾರುಗಳು

ಎಂಬತ್ತರ ದಶಕದ ಆರಂಭದಲ್ಲಿ ನಾನು ಮುಂಡರಗಿಯ ಒಂದು ಸಣ್ಣ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಸುತ್ತಲಿನ ಹಳ್ಳಿಗಳ ಕೈಪಂಪು ಕೆಟ್ಟರೆ ಜನ ನಮ್ಮಲ್ಲಿ ತಕರಾರು ಬರೆಸಿ ಹೋಗುತ್ತಿದ್ದರು. ಬೆಟಗೇರಿಯ ನೇಕಾರರ ಮನೆಯಿಂದ ಬಂದ ನನಗೆ ಕಚೇರಿಯ ಕೆಲಸ ಕಲಿಸಿದವರು ಅಲ್ಲಿಯ ಹಿರಿಯ ಕಾರಕೂನರು. ಅವರನ್ನು ಅಣ್ಣಾರು ಎನ್ನುತ್ತಿದ್ದೆ. ಮಧ್ಯಾಹ್ನ ಅವರ ಬುತ್ತಿಯಲ್ಲಿ ನನಗೊಂದು ರೊಟ್ಟಿ ಇದ್ದೇ ಇರುತ್ತಿತ್ತು.

ಹಳೆಯ ತಕರಾರುಗಳು ರಾಶಿ ಬಿದ್ದಿದ್ದವು. ಕೆಲವು ಪಂಪುಗಳು ಎಂದೋ ರಿಪೇರಿಯಾಗಿದ್ದರೂ ತಕರಾರು ಮಾತ್ರ ಹಾಗೇ ಉಳಿದಿತ್ತು. ಒಂದು ದಿನ ಅಣ್ಣಾರು, "ತಮ್ಮಾ, ಯಾವು ಖರೇನ ಇನ್ನೂ ಕೆಟ್ಟಾವ, ಹೋಗಿ ನೋಡ್ಕೊಂಡು ಬಾ. ಅವನ್ನ ಮೊದಲ ಮಾಡಸೋಣು," ಎಂದರು.

ಹುರುಪಿನಿಂದ ಸೈಕಲ್ ಹತ್ತಿದೆ. ಹಿರೇವಡ್ಡಟ್ಟಿಯಲ್ಲಿ ಪಂಪಿನ ಎದುರು ಮನೆಯ ಮುದುಕಿ, ಗಾದಿ ಹೊಲಿಯುವ ಮುಸಲ್ಮಾನ ಕುಟುಂಬದವಳು, ತಾನೇ ಬಂದು ಹಿಡಿಕೆ ಒತ್ತಿ ತೋರಿಸಿದಳು.

"ನೋಡಪಾ, ಬರೇ ಗಾಳಿ. ನೀರಿಗೆ ಹಳ್ಳಕ್ಕ ಹೊಂಟೇವಿ. ಈ ಸಲರ ಆಕ್ಕೈತೇನು?"

"ಆಕ್ಕೈತಿ ಅಜ್ಜಿ. ನಾನಽ ಹೇಳಾಕತ್ತೀನಲ್ಲ."

ಓಣಿಯವರೆಲ್ಲ ಕೇಳುವಂತೆ ಹೇಳಿದ್ದೆ. ತಿರುಗಿ ಬಂದು, ಕೆಟ್ಟವು ಯಾವವು, ಸರಿಯಾದವು ಯಾವವು ಎಂದು ಅಣ್ಣಾರಿಗೆ ಬಿಡಿಸಿ ಒಪ್ಪಿಸಿದೆ.

ಕೆಲವು ವಾರ ಕಳೆದರೂ ಹಿರೇವಡ್ಡಟ್ಟಿಗೆ ಯಾರೂ ಹೋಗಲಿಲ್ಲ. ಪಂಪು ರಿಪೇರಿಯ ಮೆಕ್ಯಾನಿಕ್‌ನನ್ನು ಕೇಳಿದರೆ ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ನೀವಽ ಹೋಗಿ ನೋಡಿ ಮುಗಿಸಿ ಬಂದೀರಂತಲ್ರಿ. ಕಾಗದದಾಗ ಹಳೇ ತಕರಾರೆಲ್ಲಾ ನಿಮ್ಮ ಹೆಸರಿನ ಮ್ಯಾಲ ವಿಲೇವಾರಿ ಆಗ್ಯಾವ."

ಅಣ್ಣಾರು ಊಟಕ್ಕೆ ಕೂತಿದ್ದರು. ಕೇಳಿದೆ. ಅವರು ತಡವರಿಸಲೂ ಇಲ್ಲ.

"ಮ್ಯಾಲಿನವ್ರು ತಪಾಸಣಿಗೆ ಬರಾವ್ರಿದ್ರು. ಹಳೇದು ಒಂದೂ ಕಾಣಬಾರದು ಅಂದ್ರು. ಕೆಟ್ಟಿದ್ರ ಮತ್ತ ಬರಸ್ತಾರ ಬಿಡು."

"ನನ್ನ ಹೆಸರು ಯಾಕ್ರಿ?"

"ಹೋಗಿ ನೋಡಿದಾವ ನೀನಽ ಅಲ್ಲೇನು?" ಎಂದು, ಎಂದಿನಂತೆ ರೊಟ್ಟಿ ನನ್ನತ್ತ ಸರಿಸಿದರು.

ನನ್ನನ್ನು ಊರೂರು ಅಲೆಸಿದ್ದೇ ಇದಕ್ಕೆಂದು ಆಗ ಹೊಳೆಯಿತು. ಊಟ ಬಿಟ್ಟು ಎದ್ದು ಹೋದೆ.

ಮುಂದಿನ ರವಿವಾರ ಹಿರೇವಡ್ಡಟ್ಟಿಗೆ ಹೋಗಿ ಮುದುಕಿಗೆ ಇದ್ದದ್ದು ಇದ್ದಂತೆ ಹೇಳಿದೆ.

"ಹಂಗಾರ ನೀ ಬಂದು ನೋಡಿದ್ದು?"

"ಕಚೇರಿಗೆ ಬಂದು ಮತ್ತೊಮ್ಮೆ ಬರಸ್ರಿ ಅಜ್ಜಿ," ಎಂದಷ್ಟೇ ಹೇಳಿ ಸೈಕಲ್ ಹತ್ತಿದೆ.

ಮರುದಿನ ಅವಳು ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬಸ್ಸಿಗೆ ಮುಂಡರಗಿಗೆ ಬಂದಳು. ಅಣ್ಣಾರು ನಗುನಗುತ್ತ, "ಬರ್ರಿ, ಕುಂಡ್ರಿ," ಎಂದು ಹೊಸ ತಕರಾರು ಬರೆದುಕೊಂಡರು. ಮುದುಕಿ ಕೂರಲಿಲ್ಲ. ಅವರು ಬರೆದು ಮುಗಿಸುವವರೆಗೂ ನಿಂತೇ ಇದ್ದಳು. ಪಕ್ಕದ ಮೇಜಿನಲ್ಲಿದ್ದ ನನ್ನ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಆ ಪಂಪು ರಿಪೇರಿಯಾಯಿತು. ಉಳಿದ ಹಳ್ಳಿಗಳಲ್ಲೂ ನಾನು ಮಾತು ಕೊಟ್ಟಿದ್ದೆ. ಅಲ್ಲಿಂದ ಯಾರೂ ಮತ್ತೆ ಬರಲಿಲ್ಲ. ನಾನು ಅಣ್ಣಾರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟೆ. ಅವರಿಗೆ ಅದರ ಕಾರಣ ತಿಳಿಯಿತೋ ಇಲ್ಲವೋ. ಮುಂದೆ ಗದುಗಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಜೊತೆಗಿದ್ದವರಿಗೆ, "ಇಂವ ನಾ ತಯಾರು ಮಾಡಿದ ಹುಡುಗ," ಎಂದು ಹೆಮ್ಮೆಯಿಂದ ಹೇಳಿದರು.