ಕೆರಿಯಮ್ಮ ಮುಟ್ಟದ ಕೂಲಿ

ಹೊಸನಗರದ ಅಡಿಕೆ ವ್ಯಾಪಾರಿ ಮಂಜುನಾಥಪ್ಪನ ಮನೆಯಿಂದ ಕೆರಿಯಮ್ಮನಿಗೆ ಎರಡು ಸೇರು ಅಕ್ಕಿ ಕೂಲಿ ಬರಬೇಕಿತ್ತು. ಇವತ್ತಿಗೂ ಸಂದಿಲ್ಲ. ಗೇಣಿ ಚಳವಳಿಯ ದಿನಗಳಲ್ಲಿ ಕೊಡದ ಕೂಲಿಗಾಗಿ ಎಷ್ಟೋ ಅಂಗಳಗಳಲ್ಲಿ ಧರಣಿ ಕೂತವನು ನಾನು. ಕೊಡಲು ಬಂದ ಕೂಲಿಯನ್ನು ಬೇಡವೆಂದವಳು ನಾನು ಕಂಡಂತೆ ಇವಳೊಬ್ಬಳೇ.

ಕೆರಿಯಮ್ಮ ಮಾಸ್ತಿಕಟ್ಟೆ ಕಡೆಯವಳು. ಗಂಡ ಚಳಿಜ್ವರದಲ್ಲಿ ಹೋದ ಮೇಲೆ ಕಾಡಿನ ಸೀಗೆಕಾಯಿ ಮಾರಿ, ಸಿಕ್ಕ ಕೂಲಿ ಮಾಡಿ ಬದುಕಿದಳು. ಬಾಯಿ ಜೋರು. ಎಲೆಯಡಿಕೆ ಸಿಗದ ದಿನ ಇನ್ನೂ ಜೋರು.

ಐವತ್ತೊಂದರ ಸುಮಾರಿಗೆ ಮಂಜುನಾಥಪ್ಪ ಊರಂಚಿನ ದಿಬ್ಬದ ಮೇಲೆ ಹೊಸ ಮನೆ ಕಟ್ಟಿಸಿದ. ಹೆಂಡತಿ ವರದಮ್ಮ ಬಯಲುಸೀಮೆಯವಳು. ತವರಿನಿಂದ ತಂದ ಗುಲಾಬಿ, ಕಾಕಡ ನಮ್ಮ ಥಂಡಿಗೆ ಬುಡ ಕೊಳೆತು ಸತ್ತವು. ಪರಿಮಳದ ಕಾಡುಗಿಡಗಳನ್ನೇ ಆರಿಸಿ ತಂದು ನೆಡಲಿ ಎಂದು ಕೆರಿಯಮ್ಮನನ್ನು ಕರೆಸಿದರು.

"ರೆಂಜೆ ಅಂಗಳದಂಚಿಗೆ ಇರ್ಲಿ ಅಮ್ಮ, ಅದ್ರ ಹೂ ಒಣಗಿದ್ರೂ ಘಮ ಬಿಡಲ್ಲ. ಸುರಗಿ ಹಿಂದ್ಗಡೆ, ದೂರ. ಹೂ ಬಿಟ್ರೆ ಜೇನು ಮುತ್ತಿ ನಿಮ್ಮ ಮೂತಿ ಕುಂಬಳಕಾಯಿ ಆಗ್ತದೆ."

ವರದಮ್ಮ ನಕ್ಕಳು. "ಮಲಗೋ ಕೋಣೆ ಕಿಟಕಿ ಹತ್ರ ಸಂಪಿಗೆ ಬೇಕು ಕಣೆ."

ಕೆರಿಯಮ್ಮ ನಗಲಿಲ್ಲ. ಸಂಪಿಗೆ ನೆಟ್ಟವರು ಅದು ಮೊದಲ ಹೂ ಬಿಟ್ಟ ವರ್ಷ ದಾಟುವುದಿಲ್ಲ ಎಂಬ ಮಾತು ಆ ಸುತ್ತಿನಲ್ಲಿತ್ತು. ಅದಕ್ಕೇ ಉಳ್ಳವರು ಅದನ್ನು ಕೂಲಿಯವರ ಕೈಯಲ್ಲಿ ನೆಡಿಸುತ್ತಿದ್ದರು. ಕೂಲಿ ಮುಟ್ಟಿದರೆ ಸಾವು ನೆಟ್ಟ ಕೈಗೆ, ಮುಟ್ಟದಿದ್ದರೆ ನೆಡಿಸಿದ ಯಜಮಾನನಿಗೆ. ಈ ಎರಡನೆಯ ಮಾತು ಮಾತ್ರ ಕೂಲಿಯವರ ಕಿವಿಗೆ ಬೀಳದಂತೆ ನೋಡಿಕೊಂಡಿದ್ದರು. ಕೆರಿಯಮ್ಮನ ಮಡಕೆಯಲ್ಲಿ ಅಕ್ಕಿ ಇರಲಿಲ್ಲ. ನೆಟ್ಟಳು.

ಕೂಲಿಯವರನ್ನು ಕಾಯಿಸುವುದು ಮಂಜುನಾಥಪ್ಪನ ಹುಟ್ಟುಗುಣ. ಅವತ್ತೂ ಕಾಯಿಸಿದ. ಜಗಲಿಯ ಕೆಳಗೆ ಕೂತಿದ್ದ ಕೆರಿಯಮ್ಮನಿಗೆ ಒಳಗಿನಿಂದ ವರದಮ್ಮನ ಗದರಿಕೆ ಕೇಳಿತು. "ಮಲಗಿದ್ದು ಸಾಕು, ಎದ್ದು ಅಕ್ಕಿ ಕೊಡಿ. ಅವ್ಳು ಹಾಗೇ ಹೋದ್ರೆ ಸಾವು ನಿಮ್ಮ ತಲೆಗೆ!"

ಅವನು ಅಕ್ಕಿ ಹಿಡಿದು ಹೊರಬರುವಷ್ಟರಲ್ಲಿ ಅಂಗಳ ಖಾಲಿ.

ಆಮೇಲೆ ಆಳುಗಳ ಕೈಲಿ ಅಕ್ಕಿ ಕಳಿಸಿದ. ಕೆರಿಯಮ್ಮ ಬಾಗಿಲು ತೆರೆಯಲಿಲ್ಲ. ಐವತ್ತೇಳರ ಮಳೆ ಹಿಡಿಯುವ ಮೊದಲೇ ಆ ಕಿಟಕಿಯಲ್ಲಿ ಸಂಪಿಗೆ ಘಮ ಬರತೊಡಗಿತು. ಮರದಲ್ಲಿ ಒಂದು ಮೊಗ್ಗೂ ಇರಲಿಲ್ಲ. ವರದಮ್ಮ ಹೇಳಿದ್ದನ್ನು ಆಳುಗಳೂ ಮೂಸಿ ಹೌದೆಂದರು. ಮೊಗ್ಗು ಕಂಡ ದಿನ ಮಂಜುನಾಥಪ್ಪ ಮಟಮಟ ಮಧ್ಯಾಹ್ನ ತಾನೇ ಅಕ್ಕಿ ಹೊತ್ತು ಕೆರಿಯಮ್ಮನ ಬಿಡಾರಕ್ಕೆ ಬಂದ. ನಾನು ಅಲ್ಲೇ ಕೂತಿದ್ದೆ.

"ನಿನ್ನ ಹಳೇ ಕೂಲಿ, ತಗಾ."

"ಕೂಲೀನ ಮನೆಬಾಗ್ಲಿಗೆ ತಂದ್ರಾ ಅಯ್ಯ! ಊರಲ್ಲಿ ಹೇಳಿದ್ರೆ ನನ್ನೇ ಹುಚ್ಚಿ ಅಂತಾರೆ. ಬ್ಯಾಡ."

"ನಾಕು ಸೇರು ಕೊಡ್ತೀನಿ ಮಾರಾಯ್ತಿ."

"ನನ್ನ ಜೀವಕ್ಕೆ ಇಷ್ಟೇ ರೇಟಾ?"

ಅವನು ಅಕ್ಕಿಯನ್ನು ಅಂಗಳದಲ್ಲೇ ಸುರಿದು ಓಡುವವನಂತೆ ನಡೆದ. ಕೆರಿಯಮ್ಮನ ಕೋಳಿಗಳು ಉಗುಳನ್ನೂ ಬಿಡದ ಜಾತಿ. ಅಕ್ಕಿಯ ಸುತ್ತ ಬಂದು ನಿಂತವು. ಒಂದೂ ಕೊಕ್ಕು ತಗ್ಗಿಸಲಿಲ್ಲ, ಒಂದೂ ಸದ್ದು ಮಾಡಲಿಲ್ಲ. ಅವಳು ಕಾಳು ಬಿಡದೆ ಮೊರಕ್ಕೆ ಗುಡಿಸಿಕೊಂಡು ಹೋಗಿ ಅವನ ಜಗಲಿಯ ಮೇಲಿಟ್ಟು ಬಂದಳು.

ಹೂ ಅರಳಿತು. ದಿಬ್ಬವಿಡೀ ಘಮ. ಮಂಜುನಾಥಪ್ಪ ಮಾತ್ರ ಬೇಲಿಯ ಬಳಿ ನಿಂತು ಹೋಗಿಬರುವವರನ್ನೆಲ್ಲ ತಡೆದು ಕೇಳುತ್ತಿದ್ದ. "ನಿಮಗೆ ಬರ್ತದಾ? ನನಗೆ ಏನೂ ಬರ್ತಿಲ್ಲವಲ್ಲ."

ಮೊದಲು ಸಂಪಿಗೆ, ಆಮೇಲೆ ಕಾಫಿ, ಕೊನೆಗೆ ಒಲೆಯ ಹೊಗೆಯೂ ಅವನ ಮೂಗಿಗೆ ಹತ್ತಲಿಲ್ಲ. ಹೂವನ್ನು ಬಾಯಿಗೆ ಹಾಕಿ ಜಗಿದು ನೋಡಿದ. ಊಟ ಬಿಟ್ಟ. ಆ ವರ್ಷ ದಾಟಲಿಲ್ಲ. ಡಾಕ್ಟರು ಎದೆ ಎಂದರು. ನನ್ನನ್ನು ಕೇಳಿದರೆ ಹೆದರಿಕೆ. ಆದರೆ ಮೊಗ್ಗಿಲ್ಲದೆ ಬಂದ ಘಮಕ್ಕೆ ನನ್ನಲ್ಲಿ ಉತ್ತರವಿಲ್ಲ.

ಸುದ್ದಿ ಕೇಳಿ ಕೆರಿಯಮ್ಮ ಎಲೆಯಡಿಕೆ ಉಗಿದಳು. "ನಾನೇನು ಕೊಂದಿಲ್ಲಪ್ಪ. ಅವ್ರ ಬದ್ಲಿಗೆ ಸಾಯೋಕೆ ಒಪ್ಪಲಿಲ್ಲ, ಅಷ್ಟೆ."

ನಿಮ್ಮ ಹಿತ್ತಲಲ್ಲೂ ಸಂಪಿಗೆ ಇರಬಹುದು. ನೆಟ್ಟ ಕೈ ನಿಮ್ಮದಲ್ಲವಾದರೆ, ನೆಟ್ಟವರ ಮನೆಗೆ ಹಗಲಲ್ಲೇ ಹೋಗಿ. ಅವರ ಕೈಯಲ್ಲೇ ಯಾಕೆ ನೆಡಿಸಿದಿರಿ ಎಂಬುದನ್ನು ಅವರ ಮುಖ ನೋಡಿ ಹೇಳಿ.